ಇವತ್ತೇ ಎಂದು ಯಾರೂ ಹೇಳಲಿಲ್ಲ

ನನ್ನ ಸೊಸೆಗೆ ಭಯ ಜಾಸ್ತಿ ಎಂದು ಮನೆಯವರೆಲ್ಲ ಹೇಳುತ್ತಿದ್ದರು. ನನಗೆ ಹಾಗೆ ಅನ್ನಿಸಿದ್ದಿಲ್ಲ. ಭಯಪಡುವ ರೀತಿ ಒಬ್ಬೊಬ್ಬರದು ಒಂದೊಂದು. ಕೆಲವರು ಕಣ್ಣು ಮುಚ್ಚಿಕೊಂಡು ನೀರಿಗೆ ಹಾರುತ್ತಾರೆ. ಅವಳು ಮೊದಲು ಬೆರಳು ಅದ್ದಿ, ಆಮೇಲೆ ಹಿಮ್ಮಡಿ ಅದ್ದಿ, ನೀರು ಎಷ್ಟು ತಣ್ಣಗಿದೆ ಎಂದು ತಿಳಿದುಕೊಂಡೇ ಇಳಿಯುವವಳು. ಇಳಿಯುವುದಂತೂ ಇಳಿಯುತ್ತಾಳೆ, ಹೊತ್ತು ಬೇಕು ಅಷ್ಟೆ.

ಮದುವೆಯಾಗಿ ಏಳು ವರ್ಷವಾದರೂ ಅವರಿಗೆ ಮಕ್ಕಳಾಗಿರಲಿಲ್ಲ. ಮಾತ್ರೆ, ಇಂಜೆಕ್ಷನ್ನು ಎಲ್ಲ ಆಗಿತ್ತು. ಹಿಂದೊಮ್ಮೆ ಒಳಗೆ ಬಣ್ಣದ ನೀರು ಬಿಟ್ಟು ಎಕ್ಸ್‌ರೇ ತೆಗೆಯಲು ಮಲಗಿಸಿದಾಗ ಮೈಯೆಲ್ಲ ಬಿಗಿದುಕೊಂಡು, ಅರ್ಧಕ್ಕೇ ನಿಲ್ಲಿಸಬೇಕಾಯಿತು. ಆ ನಾಚಿಕೆ ಅವಳನ್ನು ಬಿಟ್ಟಿರಲಿಲ್ಲ. ಈಗ ಡಾಕ್ಟರಮ್ಮ ಗರ್ಭಕೋಶದೊಳಗೆ ಸಣ್ಣ ಕ್ಯಾಮೆರಾ ಬಿಟ್ಟು ನೋಡಬೇಕು, ಗಂಟೇನಾದರೂ ಇದ್ದರೆ ಆಗಲೇ ತೆಗೆಯಬೇಕು, ಅದಾಗದೆ ಮುಂದಿನ ಚಿಕಿತ್ಸೆ ಇಲ್ಲ ಎಂದಿದ್ದರು. ಬುಧವಾರಕ್ಕೆ ನಿಗದಿಯಾಗಿದೆ ಎಂದು ನನ್ನ ಮಗ ಬಂದು ಹೇಳಿದ.

"ಸರಿ. ಭಯಪಡೋಕೆ ನನಗೊಂದು ವಾರ ಸಿಕ್ತು" ಎಂದಳು ಸೊಸೆ. ತಮಾಷೆಗೆ ಹೇಳಿದ ಮಾತಲ್ಲ.

ಅವಳು ಬೀದಿ ಕಡೆಯ ಕೋಣೆಯಲ್ಲಿ ಬ್ಯಾಗು ರಿಪೇರಿ ಮಾಡುತ್ತಾಳೆ. ಹರಿದ ಹಿಡಿ, ಕೆಟ್ಟ ಜಿಪ್ಪು, ಕಿತ್ತುಹೋದ ಒಳಬದಿಯ ಅಸ್ತರು. ಕೆಲಸ ಮುಗಿಸಿ, ಆಸ್ಪತ್ರೆಯಲ್ಲಿ ಮೈ ಬಿಗಿಯದಿರಲಿ ಎಂದು ಅಭ್ಯಾಸಕ್ಕೆ ಮಂಚದ ಮೇಲೆ ಮೊಣಕಾಲು ಮಡಚಿ ಮಲಗುತ್ತಿದ್ದಳು. ನಾನು ಕಾಲ ಬಳಿ ಕೂರುತ್ತಿದ್ದೆ. ಮುಷ್ಟಿ ಬಿಗಿಯುವುದು, ಒಂದೊಂದೇ ಬೆರಳು ಬಿಚ್ಚುವುದು, ಉಸಿರು ಬಿಡುವುದು. ಮೊದಲ ದಿನ ಹೆಬ್ಬೆರಳೂ ಬಿಚ್ಚಲಿಲ್ಲ. ಆಮೇಲೆ ಪರವಾಗಿಲ್ಲ ಅನ್ನುವ ಹಾಗಾಯಿತು.

"ನೀವೇ ಡಾಕ್ಟರಮ್ಮ ಆಗಿದ್ರೆ ಚೆನ್ನಾಗಿತ್ತು ಅತ್ತೆ."

"ನನಗೆ ಸೂಜಿಗೆ ದಾರ ಪೋಣಿಸೋಕೇ ಕಣ್ಣು ಕಾಣಲ್ಲ. ಕ್ಯಾಮೆರಾ ಕೊಟ್ರೆ ಎಲ್ಲಿಗೆ ಬಿಡ್ತೀನೋ ಏನೋ."

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುವಾಗ ಮೈ ತಾನಾಗಿ ಸಡಿಲವಾಗಿದ್ದನ್ನು ಇಬ್ಬರೂ ಗಮನಿಸಿದೆವು.

ಇನ್ನು ಅವಳ ಅಕ್ಕನ ವಿಷಯ. ಮಕ್ಕಳ ವಾರ್ಡಿನಲ್ಲಿ ನರ್ಸ್. ಕೈಗುಣ ಒಳ್ಳೆಯದು ಎಂದು ಹೆಸರು. ಚುಚ್ಚುವ ಮುಂಚೆ ಮಗುವಿಗೆ, "ಮೂರು ಅಂದಾಗ ಚುಚ್ತೀನಿ, ಆಯ್ತಾ ಬಂಗಾರ" ಎನ್ನುವುದು, ಎರಡು ಅನ್ನುವಷ್ಟರಲ್ಲಿ ಚುಚ್ಚಿ ಮುಗಿಸುವುದು. "ಮೂರು ಬರೋದ್ರೊಳಗೆ ಸೂಜಿ ಆಚೆ ಬಂದಿರತ್ತೆ, ಅಳು ಬಾಯಲ್ಲೇ ಉಳ್ಕೊಳ್ಳತ್ತೆ" ಎಂದು ನಮ್ಮ ಮನೆಗೆ ಬಂದಾಗ ಅಭಿನಯಿಸಿ ತೋರಿಸುತ್ತಿದ್ದಳು. ನಾವೆಲ್ಲ ನಗುತ್ತಿದ್ದೆವು. ಇಪ್ಪತ್ತು ವರ್ಷ ಅದೇ ಕೆಲಸ ಮಾಡಿದ ಕೈ. ಮಗುವಿನ ಮೇಲೆ ನಡೆಯುವುದು ದೊಡ್ಡವರ ಮೇಲೂ ನಡೆಯುತ್ತದೆ ಎಂದು ಆ ಕೈ ನಂಬಿಬಿಟ್ಟಿತ್ತು.

ಬುಧವಾರ ಇನ್ನೂ ದೂರವಿತ್ತು. ಮಗ ಅಡುಗೆಮನೆಗೆ ಬಂದು, "ಅಮ್ಮ, ನಾಳೆ ಬೆಳಿಗ್ಗೆ ಅವಳಿಗೆ ನೀರೂ ಕೊಡಬೇಡ. ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಇದೆ, ಹೋಗಿ ಬಂದುಬಿಡೋಣ. ನೀನೂ ಬಾ" ಎಂದ. ನಾನು ಹಾಗೆಯೇ ಮಾಡಿದೆ. ಸೊಸೆಗೆ ಖುಷಿಯೇ ಆಯಿತು. ಹೋದವಳು ಹಾಗೇ ಆ ಕೋಣೆಯನ್ನೂ ನೋಡಿಕೊಂಡು ಬರಬಹುದು, ಡಾಕ್ಟರಮ್ಮನನ್ನು ಕೇಳುವುದನ್ನೆಲ್ಲ ಕೇಳಬಹುದು ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದಳು. ಮಗ ಹೂಂ ಹೂಂ ಎನ್ನುತ್ತಿದ್ದ.

ಅಲ್ಲಿ ಅವಳ ಅಕ್ಕ ಮೊದಲೇ ಬಂದು ಕುಳಿತಿದ್ದಳು. ಅಷ್ಟು ಹೊತ್ತಿಗೆ ಒಬ್ಬ ಆಯಾ ಹಸಿರು ನಿಲುವಂಗಿ ತಂದು ಸೊಸೆಯ ಮಡಿಲಿಗೆ ಇಟ್ಟಳು.

"ಬದಲಾಯಿಸ್ಕೊಳ್ಳಿ ಅಮ್ಮಾ. ಮೊದಲನೇದು ನಿಮ್ಮದೇ."

"ಮೊದಲನೇದು ಏನು?"

ಆಯಾ ಒಬ್ಬರಾದ ಮೇಲೆ ಒಬ್ಬರ ಮುಖ ನೋಡಿ, ಇಲ್ಲಿ ನನಗೆ ಕೆಲಸವಿಲ್ಲ ಎಂದುಕೊಂಡು ಹೊರಟುಹೋದಳು.

ಅಕ್ಕ ಬಂದು ಪಕ್ಕದಲ್ಲಿ ಕುಳಿತಳು. "ನೋಡು ಪುಟ್ಟಿ, ನಿದ್ದೆ ಬರಿಸ್ತಾರೆ. ಎದ್ದಾಗ ಮುಗಿದಿರತ್ತೆ. ಮುಂದಿನ ವಾರದ ತನಕ ಕೊರಗೋದು ತಪ್ತಲ್ಲ."

"ಇವತ್ತೇನಾ?"

"ಇವತ್ತೇ."

"ಬುಧವಾರ ಅಂದದ್ದು?"

"ಹಾಗೆ ಹೇಳದೆ ಇದ್ದಿದ್ರೆ ನೀನು ಇವತ್ತು ಮನೆಯಿಂದ ಆಚೆ ಬರ್ತಿದ್ಯಾ? ಹೋದ ಸಲ ಮಾಡಿದ್ದು ಮರೆತ್ಯಾ?"

ಸೊಸೆ ಗಂಡನ ಕಡೆ ತಿರುಗಿದಳು. ಅವನು ತನ್ನ ಚಪ್ಪಲಿಯನ್ನೇ ನೋಡುತ್ತಾ, "ನಿನ್ನ ಒಳ್ಳೇದಕ್ಕೇ ಅಲ್ವಾ" ಎಂದ.

"ನನ್ನ ಒಳ್ಳೇದಕ್ಕೆ ನನ್ನೊಬ್ಬಳನ್ನ ಬಿಟ್ಟು ಎಲ್ಲರೂ ಸೇರಿದ್ರಾ?"

ಅವಳ ದನಿ ಏರಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಅವಳು ನನ್ನ ಕಡೆ ನೋಡಿದಳು.

"ಬೆಳಿಗ್ಗೆ ಲೋಟ ನನ್ನ ಕೈಯಿಂದ ತಗೊಂಡು ಇಟ್ರಲ್ಲ ಅತ್ತೆ. ನಿಮಗೂ ಗೊತ್ತಿತ್ತಾ?"

"ಇಲ್ಲಮ್ಮ. ನನಗೂ ರಕ್ತಪರೀಕ್ಷೆ ಅಂತಲೇ ಹೇಳಿದ್ದು."

ಮಗ ಆಗಲಾದರೂ 'ಹೌದು, ಅಮ್ಮನಿಗೆ ಗೊತ್ತಿಲ್ಲ' ಎನ್ನಬೇಕಿತ್ತು. ಅನ್ನಲಿಲ್ಲ. ನಾನೂ ತನ್ನ ಗುಂಪಿನಲ್ಲಿದ್ದೇನೆ ಎಂದಾದರೆ ಅವನ ಭಾರ ಅಷ್ಟು ಕಡಿಮೆ ಎಂದುಕೊಂಡನೋ ಏನೋ. ಸೊಸೆ ನಂಬಿದಳೋ ಇಲ್ಲವೋ ತಿಳಿಯಲಿಲ್ಲ.

ಡಾಕ್ಟರಮ್ಮ ಬಂದಾಗ ಸೊಸೆ ನಿಲುವಂಗಿಯನ್ನು ಮಡಚಿ ಕುರ್ಚಿಯ ಮೇಲೆ ಇಟ್ಟಿದ್ದಳು.

"ನಿಮಗೆ ಎಲ್ಲಾ ಹೇಳಿ ಒಪ್ಪಿಸಿದ್ದೀವಿ ಅಂದ್ರಲ್ಲ ಇವರು" ಎಂದರು ಡಾಕ್ಟರಮ್ಮ. ಅವರ ಮುಖವೂ ಕೆಂಪಾಯಿತು. "ನೀವು ಬೇಡ ಅಂದ್ರೆ ನಾನು ಮುಟ್ಟಲ್ಲ. ಆದ್ರೆ ಇವತ್ತು ಬಿಟ್ರೆ ಮುಂದಿನ ತಿಂಗಳು, ಮುಟ್ಟು ಮುಗಿದ ಮೇಲೇ ಆಗೋದು."

"ಆಗಲಿ ಮೇಡಂ, ಬರ್ತೀನಿ. ದಿನ ಮಾತ್ರ ನನಗೆ ಹೇಳಿ. ನನಗೊಬ್ಬಳಿಗೆ."

ಅಕ್ಕ ಅಳುವುದಕ್ಕೆ ಶುರುಮಾಡಿದಳು. ಸೊಸೆ ಅವಳ ಮುಂದಿನಿಂದಲೇ ದಾಟಿ ಹೋದಳು.

ಆಮೇಲಿನ ತಿಂಗಳು ಮನೆಯಲ್ಲಿ ಹೊಲಿಗೆ ಯಂತ್ರದ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. "ಒಂದು ತಿಂಗಳು ಹಾಳಾಯ್ತು" ಎಂದು ಮಗ ಗೊಣಗುತ್ತಿದ್ದ. ಅವನು ಕೆಟ್ಟವನಲ್ಲ. ಚಿಕ್ಕವನಿದ್ದಾಗ ತಂಗಿಯ ಬೆಕ್ಕು ಗಾಡಿಗೆ ಸಿಕ್ಕಿ ಸತ್ತಿತ್ತು. ಬೆಕ್ಕು ನೆಂಟರ ಮನೆಗೆ ಹೋಗಿದೆ ಎಂದು ಅವಳಿಗೆ ಹೇಳಿದ್ದ. ಆ ಮಗು ಎಷ್ಟೋ ದಿನ ಬಾಗಿಲಲ್ಲಿ ಹಾಲಿನ ಬಟ್ಟಲಿಟ್ಟುಕೊಂಡು ಕಾದಿತು. ಅವಳು ಅಳಬಾರದು ಅಂತ ಹೇಳಿದೆ ಅಮ್ಮ ಎಂದಿದ್ದ. ಅಳುವವರನ್ನು ನೋಡುವುದು ಅವನಿಂದ ಆಗುವುದಿಲ್ಲ. ಅದಕ್ಕೆ ಬೆಲೆ ತೆರುವವರು ಮಾತ್ರ ಬೇರೆ.

"ಹೋಗಿ ತಪ್ಪಾಯ್ತು ಅನ್ನು" ಎಂದೆ ಒಂದು ದಿನ.

"ಏನು ತಪ್ಪು ಮಾಡಿದ್ದೀನಿ ಅಂತ ಅನ್ನಲಿ?" ಎಂದ. ಅದಕ್ಕೆ ನನ್ನ ಬಳಿ ಉತ್ತರವಿತ್ತು. ಕೇಳುವ ಕಿವಿ ಅವನ ಬಳಿ ಇರಲಿಲ್ಲ.

ಸೊಸೆ ಸಂಜೆ ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬಳೇ ಮಲಗುತ್ತಿದ್ದಳು. ನನ್ನನ್ನು ಕರೆಯುತ್ತಿರಲಿಲ್ಲ. ಅನ್ನ ಬಡಿಸುತ್ತಿದ್ದಳು, ನನ್ನ ಮಾತ್ರೆ ನೆನಪಿಸುತ್ತಿದ್ದಳು, ಯಾವುದರಲ್ಲೂ ಕೊರತೆಯಿಲ್ಲ. ಆದರೂ ಮುಚ್ಚಿದ ಬಾಗಿಲಿನ ಈಚೆ ಕೂತಾಗ ನನ್ನ ಮಗ ನನ್ನಿಂದ ಏನು ಕಿತ್ತುಕೊಂಡ ಎಂದು ತಿಳಿಯುತ್ತಿತ್ತು.

ಮಗ ಬೇಕರಿಯ ವ್ಯಾನು ತೆಗೆದುಕೊಂಡು ಕೆಲಸಕ್ಕೆ ಹೋದ ಮೇಲೆ ಒಂದು ಬೆಳಿಗ್ಗೆ ಅವಳು ಹೊರಡುವ ಬಟ್ಟೆಯಲ್ಲಿ ಬಂದು ನಿಂತಳು.

"ಅತ್ತೆ, ನಿದ್ದೆಮದ್ದು ಕೊಟ್ಟ ಮೇಲೆ ಒಬ್ಬಳನ್ನೇ ಕಳಿಸಲ್ಲವಂತೆ. ಜೊತೆಗೆ ಯಾರಾದ್ರೂ ಇರಬೇಕಂತೆ."

ನಂಬಿ ಕರೆದಳೋ, ಬೇರೆ ಯಾರೂ ಇಲ್ಲವೆಂದು ಕರೆದಳೋ ಎಂದು ನಾನು ಕೇಳಲಿಲ್ಲ. ಸೆರಗು ಸರಿಮಾಡಿಕೊಂಡು ಹೊರಟೆ.

ಬಸ್ಸಿನಲ್ಲಿ ಅವಳ ಕೈ ಗಡಗಡ ನಡುಗುತ್ತಿತ್ತು. ಹಿಡಿಯಲು ಹೋದೆ. "ನಡುಗಲಿ ಬಿಡಿ ಅತ್ತೆ" ಎಂದಳು. ಹಿಂದಿನ ದಿನವೇ ಹೋಗಿ ಆ ಕೋಣೆ ನೋಡಿ ಬಂದಿದ್ದಳಂತೆ. ಮೇಜು ಎಲ್ಲಿದೆ, ಕಾಲು ಎಲ್ಲಿಡುತ್ತಾರೆ, ದೀಪ ಯಾವ ಕಡೆಯಿಂದ ಬರುತ್ತದೆ, ಮೊದಲು ಏನು ಆಮೇಲೆ ಏನು ಎಂದು ಊರಿನ ದಾರಿ ಹೇಳುವಂತೆ ಹೇಳುತ್ತಾ ಹೋದಳು. ಹೇಳುತ್ತಿದ್ದದ್ದು ನನಗಲ್ಲ, ತನಗೆ.

ಒಳಗೆ ನಡೆದೇ ಹೋದಳು. ತಿರುಗಿ ನೋಡಲಿಲ್ಲ.

ಬೆಂಚಿನ ಮೇಲೆ ಕೂತಿದ್ದಾಗ ನನ್ನ ಚೀಲದಲ್ಲಿ ಫೋನು ಬಡಿದುಕೊಂಡಿತು. ಮಗ. ಎತ್ತಿದರೆ ಸುಳ್ಳು ಹೇಳಬೇಕು, ಇಲ್ಲ ನಿಜ ಹೇಳಬೇಕು. ಎರಡೂ ನಾನು ಆಡುವ ಮಾತಲ್ಲ, ಹೇಳುವುದಿದ್ದರೆ ಅವಳೇ ಹೇಳಬೇಕು. ಬಡಿದುಕೊಳ್ಳಲು ಬಿಟ್ಟೆ. ಹೆತ್ತ ಮಗ ಕರೆಯುವಾಗ ಸುಮ್ಮನಿದ್ದದ್ದು ಅದೇ ಮೊದಲು.

ಡಾಕ್ಟರಮ್ಮ ಹೊರಗೆ ಬಂದು, ಸಣ್ಣದೊಂದು ಗಂಟಿತ್ತು, ತೆಗೆದಿದ್ದೇನೆ, ಇನ್ನು ಮುಂದಿನದು ನೋಡಬಹುದು ಎಂದರು. ಒಳಗೆ ಹೋದೆ. ಸೊಸೆ ತುಟಿ ಒಣಗಿ ಮಲಗಿದ್ದಳು.

"ಅವರು ಫೋನ್ ಮಾಡಿದ್ರಾ?"

"ಮಾಡಿದ್ದ. ನಾನು ಎತ್ತಲಿಲ್ಲ."

ಅವಳ ಕಣ್ಣಿನ ಕೊನೆಯಿಂದ ನೀರು ಇಳಿದು ಕಿವಿಗೆ ಹೋಯಿತು. "ಅವರು ಇಲ್ಲಿರಬೇಕಿತ್ತು ಅತ್ತೆ. ಆ ಬೆಂಚಿನ ಮೇಲೆ."

"ಕರೀಲಾ?"

"ಬೇಡ. ಇವತ್ತು ಬೇಡ."

ಚೀಲದಲ್ಲಿ ಫೋನು ಮತ್ತೆ ಬಡಿದುಕೊಂಡಿತು. ಚೀಲವನ್ನು ಕುರ್ಚಿಯ ಕೆಳಗೆ ತಳ್ಳಿದೆ. ಅವಳ ಪಾದ ತಣ್ಣಗಿತ್ತು, ಹೊದಿಕೆ ಎಳೆದು ಮುಚ್ಚಿ, ಅಲ್ಲಿಯೇ ಕೈಯಿಟ್ಟು ಕೂತೆ. ಅವಳು ಕಾಲು ಎಳೆದುಕೊಳ್ಳಲಿಲ್ಲ.