ತಿಳಿನೀಲಿ ಅಂಗಿ

"ಬಿಳಿ ಬೇಗ ಕೊಳೆಯಾಗತ್ತೆ. ಕಪ್ಪು ಹಾಕಿದ್ರೆ ರೋಗಿಗಳೇ ಹೆದರ್ಕೋತಾರೆ. ಆಸ್ಪತ್ರೆ ಕೆಲಸಕ್ಕೆ ಯಾವ ಬಣ್ಣದ ಅಂಗಿ ಒಪ್ಪತ್ತೆ, ನೀನೇ ಹೇಳಪ್ಪ," ಎಂದು ಭಾವ ಫೋನಿನಲ್ಲಿ ಕೇಳಿದಾಗ ನನ್ನ ನಾಲಿಗೆ ತುರಿಸಿತು.

ಭಾವ ಅಂದರೆ ನನ್ನ ಅಕ್ಕನ ಗಂಡ. ಹದಿನೆಂಟು ವರ್ಷ ಮುದ್ರಣಾಲಯವೊಂದರಲ್ಲಿ ಕರಡು ತಿದ್ದಿದವರು. ಶಾಯಿಯ ಕಲೆ ಕಾಣಬಾರದೆಂದು ಅಷ್ಟೂ ವರ್ಷ ಕಡುಕಂದು ಅಂಗಿಯಲ್ಲೇ ಕಳೆದವರು. ಮುದ್ರಣಾಲಯ ಮುಚ್ಚಿ, ಏಳು ತಿಂಗಳು ಮನೆಯಲ್ಲಿ ಕೂತ ಮೇಲೆ, ನಾನಿರುವ ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಅವರಿಗೊಂದು ಜಾಗ ಸಿಕ್ಕಿತ್ತು. ಮೊದಲ ವಾರ ಪರೀಕ್ಷೆ. ವಿಭಾಗ ನೋಡಿಕೊಳ್ಳುವ ನಮ್ಮ ಮೇಡಂ ಒಪ್ಪಿದರೆ ಕೆಲಸ, ಇಲ್ಲದಿದ್ದರೆ ಮತ್ತೆ ಮನೆ. ಹೆಸರಿಗೆ ದಾಖಲೆ ವಿಭಾಗವಾದರೂ ಅಲ್ಲಿ ಈತನಕ ಯಾರೂ ಯಾವ ದಾಖಲೆಯನ್ನೂ ಮುರಿದಿಲ್ಲ. ರೋಗಿಗಳ ಫೈಲು ಜೋಡಿಸುತ್ತೇವೆ, ಅಷ್ಟೆ.

ನಮ್ಮ ಆಸ್ಪತ್ರೆಯಲ್ಲಿ ಮುಖ ನೋಡಿ ಮಾತಾಡಿಸುವ ಪದ್ಧತಿಯಿಲ್ಲ, ಅಂಗಿ ನೋಡಿ ಮಾತಾಡಿಸುತ್ತಾರೆ. ಹಸಿರು ಆಪರೇಷನ್ ಕೋಣೆಯವರದು, ಮೆರೂನ್ ಅಡುಗೆಮನೆಯವರದು, ತಿಳಿನೀಲಿ ಸ್ಟ್ರೆಚರ್ ತಳ್ಳುವವರದು. ಕಚೇರಿಯವರು ಈ ಮೂರು ಬಿಟ್ಟು ಯಾವ ಬಣ್ಣವನ್ನಾದರೂ ಹಾಕಬಹುದು.

"ತಿಳಿನೀಲಿ, ಭಾವ. ಕಣ್ಣು ಮುಚ್ಕೊಂಡು ತಗೊಳ್ಳಿ," ಎಂದೆ. ಅದನ್ನೂ ಮೇಡಂ ದನಿಯಲ್ಲಿ, ಮೂಗಿನಿಂದ ಎಳೆದೆಳೆದು. ಭಾವ ಬಿದ್ದು ಬಿದ್ದು ನಕ್ಕರು.

ಒಂಬತ್ತಕ್ಕೆ ಅವರನ್ನು ಬಾಗಿಲಲ್ಲೇ ಹಿಡಿದು, ನಾಲ್ಕು ಜನರೆದುರು ಗೋಳು ಹೊಯ್ದುಕೊಂಡು, ಕಚೇರಿಯ ನನ್ನ ಬೀರುವಿನಲ್ಲಿದ್ದ ಬಿಳಿ ಅಂಗಿ ಕೊಡುವುದು ನನ್ನ ಲೆಕ್ಕಾಚಾರ. ಮೊದಲ ದಿನವೆಂದು ಅವರು ಏಳೂವರೆಗೇ ಬಂದುಬಿಟ್ಟಿದ್ದರು.

ನಾನು ಬಂದಾಗ ಅವರ ಕುರ್ಚಿ ಖಾಲಿ. ಮೇಡಂ ಗಡಿಯಾರದ ಕಡೆ ಬೆರಳು ತೋರಿಸಿದರು. "ನಿಮ್ಮ ಭಾವ ಮೊದಲ ದಿನವೇ ಮಾಯ. ಚೆನ್ನಾಗಿ ಹುಡುಕಿ ತಂದಿದೀರಿ ಜನಾನ!"

ಹುಡುಕುತ್ತ ಹೋದೆ. ಕೆಳಮಹಡಿಯ ಎಕ್ಸ್‌ರೇ ಕೋಣೆಯ ಮುಂದೆ ಸಿಕ್ಕರು. ಹೊಸ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಸ್ಟ್ರೆಚರ್ ಮೇಲೆ ಮಲಗಿದ್ದ ಅಜ್ಜಿಯೊಬ್ಬಳು ಅವರ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

"ಇದು ಐದನೇ ಟ್ರಿಪ್ಪು ಕಣೋ," ಎಂದರು ಭಾವ ಪಿಸುದನಿಯಲ್ಲಿ. "ಒಳಗೆ ಕಾಲಿಟ್ಟ ತಕ್ಷಣ ನರ್ಸಮ್ಮ 'ಏನ್ ನೋಡ್ತಾ ನಿಂತಿದೀಯಾ, ತಳ್ಳು' ಅಂದ್ರು. ಹೊಸಬರಿಗೆ ಎಲ್ಲಾ ಕೆಲಸ ಕಲಿಸ್ತಾರೇನೋ ಅಂದ್ಕೊಂಡೆ. ಈಗ ಬರೋಣ ಅಂದ್ರೆ ಅಜ್ಜಿ ಕೈ ಬಿಡ್ತಿಲ್ಲ."

ಅಷ್ಟರಲ್ಲಿ ಇನ್ನೊಂದು ಸ್ಟ್ರೆಚರ್ ಬಂತು. ತಳ್ಳುತ್ತಿದ್ದವನು ಭಾವನನ್ನು ಮೇಲಿಂದ ಕೆಳಗೆ ನೋಡಿ, "ಏನ್ ಸಾರ್, ನಮ್ಮ ಬಣ್ಣ ಹಾಕ್ಕೊಂಡು ನಮ್ಮ ಹೊಟ್ಟೆ ಮೇಲೇ ಹೊಡೀತೀರಾ?" ಎಂದು ನಕ್ಕು ಮುಂದೆ ಹೋದ.

ಭಾವ ಅವನ ಅಂಗಿ ನೋಡಿದರು, ತಮ್ಮದನ್ನು ನೋಡಿಕೊಂಡರು. ಮುಖ ಸಣ್ಣದಾಯಿತು. ನನ್ನ ಕಡೆ ತಿರುಗಿ, "ಹೋಗ್ಲಿ ಬಿಡು, ನಿನಗೆ ಮರೆತುಹೋಗಿರತ್ತೆ. ನಿನಗೂ ನೂರೆಂಟು ಕೆಲಸ," ಎಂದರು.

"ಹೂಂ," ಎಂದೆ. ನನ್ನ ಜನ್ಮದಲ್ಲಿ ಅಷ್ಟು ಹೊಲಸಾದ 'ಹೂಂ' ಬೇರೆ ಹೇಳಿದ ನೆನಪಿಲ್ಲ.

ಅಜ್ಜಿಯನ್ನು ಎಕ್ಸ್‌ರೇಗೆ ಒಳಗೆ ಕಳಿಸಿ, ಮೇಡಂ ಕೋಣೆಗೆ ಬಂದು ಇಬ್ಬರೂ ನಿಂತೆವು.

"ಯಾವ ಬಣ್ಣ ಹಾಕ್ಬೇಕು ಅಂತ ನಿಮ್ಮ ಭಾವಮೈದುನನ್ನ ಕೇಳೋಕಾಗಲಿಲ್ವಾ?"

"ಕೇಳಲಿಲ್ಲ ಮೇಡಂ," ಎಂದರು ಭಾವ, ನನ್ನತ್ತ ನೋಡದೆ. "ನಂದೇ ತಪ್ಪು."

"ಇಷ್ಟೂ ಕೇಳಿ ತಿಳ್ಕೊಳ್ಳದವರ ಕೈಗೆ ರೋಗಿಗಳ ಫೈಲು ಹೇಗೆ ಕೊಡೋದು? ನಾಳೆಯಿಂದ ಬರೋದು ಬೇಡ."

ಹತ್ತು ಜನರ ದನಿ ತೆಗೆಯುವ ನಾನು ಈ ಸಲ ಸ್ವಂತ ದನಿಯಲ್ಲೇ ಹೇಳಿದೆ. "ಕೇಳಿದ್ರು, ಮೇಡಂ. ನಾನೇ ಬೇಕಂತ ತಪ್ಪು ಹೇಳಿದೆ. ತಮಾಷೆಗೆ."

"ಇದೂ ತಮಾಷೆನಾ?"

"ಅಲ್ಲ."

ಅವರು ಒಂದು ಬಿಳಿಹಾಳೆ ನನ್ನ ಕಡೆ ತಳ್ಳಿದರು. "ಬರೆದುಕೊಡಿ. ಅವರು ಇರ್ಲಿ. ನಿಮ್ಮ ವಿಷಯ ಆಮೇಲೆ ನೋಡ್ತೀನಿ."

ಬರೆದುಕೊಟ್ಟು ಹೊರಬಂದಾಗ ಭಾವ ನನ್ನ ಬಿಳಿ ಅಂಗಿ ಹಾಕಿಕೊಂಡಿದ್ದರು. ಹೊಟ್ಟೆಯ ಹತ್ತಿರ ಗುಂಡಿ ಬಿಗಿದು ನಿಂತಿತ್ತು. ತಿಳಿನೀಲಿಯನ್ನು ಮೇಜಿನ ಮೇಲೆ ಹರಡಿ, ತೋಳುಗಳನ್ನು ಹಿಂದಕ್ಕೆ ಮಡಿಸುತ್ತಿದ್ದರು.

"ಬೇಕಂತ್ಲೇನಾ?"

"ಹೌದು, ಭಾವ."

ಬೈಯಲಿ ಎಂದು ಕಾದೆ. ಅವರು ಕಾಲರಿನ ಸುಕ್ಕನ್ನು ಅಂಗೈಯಿಂದ ತೀಡಿದರು. "ನಿಮ್ಮಕ್ಕನಿಗೆ ಹೇಳ್ಬೇಡ. ಮೂರು ಅಂಗಡಿ ಸುತ್ತಿ ಈ ಬಣ್ಣ ಹುಡುಕಿದ್ದಾಳೆ."

ಅಂಗಿಯನ್ನು ಚೀಲಕ್ಕೆ ಹಾಕಿ, ಕುರ್ಚಿ ಎಳೆದುಕೊಂಡು ಮೊದಲ ಫೈಲು ಬಿಚ್ಚಿದರು. ನನ್ನ ಫೋನು ಬಡಿದುಕೊಂಡಿತು. ಅಕ್ಕ.

"ಹೇಗೆ ಕಾಣ್ತಿದಾರೋ ನಿಮ್ಮ ಭಾವ, ಹೊಸ ಅಂಗೀಲಿ?"

"ಚೆನ್ನಾಗಿ ಕಾಣ್ತಿದಾರೆ, ಅಕ್ಕ. ತುಂಬಾ ಚೆನ್ನಾಗಿ."

ಆ ಕಡೆ ಅಕ್ಕ ನಗುತ್ತಿದ್ದಳು. ಈ ಕಡೆ ಭಾವ ತಲೆಯೆತ್ತದೆ ಪುಟ ತಿರುಗಿಸಿದರು.