ಅತ್ತೆ ಹೆಸರಿನ ಕಾರು

"ಯೋಳಾಕಿಲ್ಲ ಅಂದ್ರೆ ಯೋಳಾಕಿಲ್ಲ," ಎಂದು ಶಿವಗಂಗಮ್ಮ ಮೊಬೈಲನ್ನು ಕೈಚೀಲದೊಳಗೆ ಹಾಕಿ, ಜಿಪ್ಪೆಳೆದು, ಚೀಲವನ್ನು ಕಂಕುಳಲ್ಲಿ ಅವುಚಿಕೊಂಡಳು. ಒಂದು ಒಟಿಪಿಗೆ ಇಷ್ಟು ಬಂದೋಬಸ್ತನ್ನು ಸರ್ವೀಸ್ ಅಡ್ವೈಸರ್ ಸುದರ್ಶನ್ ಇದುವರೆಗೆ ಕಂಡಿರಲಿಲ್ಲ.

ಹಾಸನದ ಬಿ.ಎಂ. ರಸ್ತೆಯ ಆ ಸರ್ವೀಸ್ ಸೆಂಟರಿನಲ್ಲಿ ಕಾರು ಬೆಳಿಗ್ಗೆಯೇ ಲಿಫ್ಟ್ ಏರಿತ್ತು. ಹಿಂದಿನ ಎರಡೂ ಚಕ್ರ ಬಿಚ್ಚಿ ಗೋಡೆಗೆ ಒರಗಿಸಿದ್ದರು. ಹೊಸ ಆಕ್ಸಲ್ ಪ್ಲಾಸ್ಟಿಕ್ ಸುತ್ತಿಕೊಂಡು ಟ್ರಾಲಿಯ ಮೇಲೆ ಮಲಗಿತ್ತು. ಆ ಮಾಡೆಲಿನ ಒಂದಷ್ಟು ಕಾರುಗಳ ಹಿಂದಿನ ಆಕ್ಸಲ್‌ನಲ್ಲಿ ದೋಷವಿರಬಹುದು, ತಂದರೆ ಪುಕ್ಕಟೆ ಬದಲಾಯಿಸಿಕೊಡುತ್ತೇವೆ ಎಂದು ಕಂಪನಿಯೇ ಕರೆದಿತ್ತು. ಆದರೆ ಆರ್.ಸಿ.ಯಲ್ಲಿ ಯಾರ ಹೆಸರಿದೆಯೋ ಅವರ ಮೊಬೈಲಿಗೆ ಬಂದ ನಂಬರನ್ನು ಒತ್ತದ ಹೊರತು ಕಂಪ್ಯೂಟರು ಕೆಲಸಕ್ಕೆ ಅಪ್ಪಣೆ ಕೊಡುತ್ತಿರಲಿಲ್ಲ. ಅಮ್ಮನೇ ಖುದ್ದಾಗಿ ಬಂದಿದ್ದಾರಲ್ಲ, ಹೇಳದೆ ಎಲ್ಲಿಗೆ ಹೋಗುತ್ತಾರೆ ಎಂದುಕೊಂಡು ಮೊದಲೇ ಚಕ್ರ ಬಿಚ್ಚಿಸಿದ್ದು ಸುದರ್ಶನ್ ಮಾಡಿದ ಎಡವಟ್ಟು.

"ಅಮ್ಮ, ಕಾರು ನಿಮ್ಮ ಹೆಸರಲ್ಲಿದೆ. ನೀವು ನಂಬರ್ ಹೇಳಿದ್ರೆ ತಾನೇ ನಾವು ಮುಟ್ಟೋಕಾಗೋದು?"

"ಅದ್ಕೇ ಅಲ್ವಾ ಚನ್ರಾಯಪಟ್ಣದಿಂದ ಬಸ್ಸತ್ಕಂಡು ಬಂದಿರೋದು? ಯೋಳ್ತೀನಿ. ಮೊದ್ಲು ಆ ಮನ್ಸ ಒಂದ್ ಮಾತು ಕೊಡ್ಲಿ."

ಆ ಮನುಷ್ಯ ಅಂದರೆ ಅಳಿಯ ಪರಮೇಶ್. ಅರಕಲಗೂಡಿನಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟವನು. ಕಂಬಕ್ಕೊರಗಿ ಕೈಕಟ್ಟಿ ನಿಂತು, ಅತ್ತೆಯೊಬ್ಬಳನ್ನು ಬಿಟ್ಟು ಆ ಶೆಡ್ಡಿನಲ್ಲಿದ್ದ ಎಲ್ಲವನ್ನೂ ನೋಡುತ್ತಿದ್ದ. ಸ್ಕೂಲ್ ಟೀಚರ್ ಆಗಿದ್ದ ಅವನ ಹೆಂಡತಿ ಶಿವರಂಜನಿ ಗಾಜಿನ ಕೋಣೆಯೊಳಗೆ, ಗಿರಾಕಿಗಳಿಗೆಂದು ಹಾಕಿದ್ದ ಸೋಫಾದಲ್ಲಿ ಇತ್ತ ಬೆನ್ನು ಮಾಡಿ ಕೂತಿದ್ದಳು. ತಾಯಿ ಬಂದಾಗ ಒಮ್ಮೆ ತಿರುಗಿ ನೋಡಿದ್ದಳು, ಅಷ್ಟೇ.

ಗಂಡ ತೀರಿಕೊಂಡ ಮೇಲೆ ಕೊಬ್ಬರಿ ವ್ಯಾಪಾರವನ್ನು ಒಂಟಿಯಾಗಿ ನಡೆಸಿದವಳು ಶಿವಗಂಗಮ್ಮ. ದಂಡಿಗನಹಳ್ಳಿ ಸುತ್ತಿನ ರೈತರಿಗೂ ತಿಪಟೂರಿನ ದಲ್ಲಾಳಿಗಳಿಗೂ ಅವಳ ಬಾಯಿಯ ರುಚಿ ಗೊತ್ತು. ಮೂರು ವರ್ಷದ ಹಿಂದೆ ಮಗಳ ಮದುವೆಗೆ ಹಾಸನದಲ್ಲಿ ಒಳ್ಳೆಯ ಸೆಕೆಂಡ್ ಹ್ಯಾಂಡ್ ಕಾರು ಹುಡುಕಿ, ಹಾರ ಹಾಕಿ, ಛತ್ರದ ಬಾಗಿಲಲ್ಲಿ ನಿಲ್ಲಿಸಿದ್ದಳು. ಬೀಗದ ಕೈ ಅಳಿಯನಿಗೆ ಹೋಯಿತು, ಹೆಸರು ಮಾತ್ರ ಅವಳದೇ ಉಳಿಯಿತು. ಕೊಟ್ಟ ಹಾಗೂ ಆಗಬೇಕು, ಹಗ್ಗದ ತುದಿಯೂ ಕೈಯಲ್ಲಿರಬೇಕು ಅನ್ನುವುದು ಅವಳ ವ್ಯಾಪಾರದ ಬುದ್ಧಿ. ಆ ಬುದ್ಧಿಯನ್ನು ಕೊಬ್ಬರಿ ಮಂಡಿಯಲ್ಲೇ ಬಿಟ್ಟು ಬರುವುದು ಅವಳಿಗೆ ಎಂದೂ ಆಗಿರಲಿಲ್ಲ.

ಮರುವರ್ಷದ ಗೌರಿ ಹಬ್ಬಕ್ಕೆ ಮಗಳು ಅಳಿಯ ಬಂದಿದ್ದಾಗ, ಊಟಕ್ಕೆ ಕೂತ ನೆಂಟರ ನಡುವೆ ಪರಮೇಶ್ ಮೆಲ್ಲಗೆ ಕೇಳಿದ್ದ: ಕಾರಿನ ಹೆಸರು ಬದಲಾಯಿಸಿಬಿಡೋಣವೇ ಎಂದು. ಶಿವಗಂಗಮ್ಮ ಅವನ ಎಲೆಗೆ ಒಬ್ಬಟ್ಟು ಹಾಕುತ್ತಲೇ, "ನನ್ನೆಸ್ರಲ್ಲೇ ಇರ್ಲಿ ಬುಡಿ. ನಾಳೆ ಏನಾರ ಎಚ್ಚುಕಮ್ಮಿ ಆದ್ರೆ ಕಾರಾದ್ರೂ ನಮ್ಗೆ ವಾಪಸ್ ಬತ್ತದೆ," ಅಂದಳು. ತಮಾಷೆಗೇ ಅಂದದ್ದು ಎಂದು ಆಮೇಲೆ ಎಷ್ಟೋ ಜನರ ಹತ್ತಿರ ಹೇಳಿಕೊಂಡಳು. ಪರಮೇಶ್ ಒಬ್ಬಟ್ಟು ಮುಟ್ಟದೆ ಎಲೆ ಬಿಟ್ಟು ಎದ್ದ. ಶಿವರಂಜನಿ ಅವನ ಹಿಂದೆಯೇ ಹೋದಳು. ಅವತ್ತು ಹೋದ ಮಗಳು ತವರಿನ ಹೊಸಿಲು ತುಳಿದಿರಲಿಲ್ಲ, ಫೋನು ಎತ್ತಿರಲಿಲ್ಲ. ಅಳಿಯನೇ ಕಟ್ಟಿಹಾಕಿದ್ದಾನೆ ಎಂದು ಶಿವಗಂಗಮ್ಮ ಮಂಡಿಯ ತುಂಬ ಸಾರಿದ್ದಳು. ಸಾರಿ ಸಾರಿ ತಾನೂ ನಂಬಿದ್ದಳು.

ಹಾಗಿರುವಾಗ ಸುದರ್ಶನ್‌ನ ಫೋನು ಬಂತು. ನಂಬರನ್ನು ಫೋನಿನಲ್ಲೇ ಹೇಳಿದರೂ ಸಾಕು ಎಂದು ಅವನು ಎರಡೆರಡು ಸಲ ಹೇಳಿದ. "ಅದೆಲ್ಲ ಆಗಾಕಿಲ್ಲ, ನಾನೇ ಬತ್ತೀನಿ. ಗಂಡ ಎಂಡ್ತಿ ಇಬ್ರೂ ಬರ್ಬೇಕು ಅಂತ ಯೋಳು," ಎಂದು ಅಳಿಯನ ನಂಬರು ಕೊಟ್ಟು ಇಟ್ಟಳು. ಹಿಂದಿನ ದಿನವೇ ಮಗಳಿಗೆ ಗೌರಿ ಬಾಗಿನ ಕೊಡಲೆಂದು ಜೋಡಿ ಮೊರಕ್ಕೆ ಅರಿಶಿನ ಬಳಿದು ಒಣಗಿಸಿದಳು. ಹಸಿರು ಬಳೆ, ಕರಿಮಣಿ, ಬಾಚಣಿಗೆ, ಕನ್ನಡಿ, ರವಿಕೆ ಕಣ, ಅಕ್ಕಿ, ಬೇಳೆ, ಅಚ್ಚುಬೆಲ್ಲ, ತಾನೇ ಆರಿಸಿದ ತೆಂಗಿನಕಾಯಿ ಎಲ್ಲ ತುಂಬಿ, ಮೇಲೊಂದು ಮೊರ ಮುಚ್ಚಿ, ಬಟ್ಟೆಯಲ್ಲಿ ಕಟ್ಟಿದಳು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದಳು. ಈಗ ಅದು ಗೋಡೆ ಬದಿಯ ಬೆಂಚಿನ ಮೇಲಿತ್ತು.

"ನಾಡಿದ್ದು ಗೌರಿ," ಅಂದಳು ಸುದರ್ಶನ್‌ಗೆ. "ಮಗಳ್ನ ತವರಿಗೆ ಕಳಿಸ್ತೀನಿ ಅಂತ ನಿನ್ ಮುಂದೆ ಯೋಳ್ಲಿ. ಆ ಗಳಿಗೇಲೇ ನಿನ್ ನಂಬರ್ ತಕೋ."

ಪರಮೇಶನೂ ಸುದರ್ಶನ್‌ಗೇ ಹೇಳಿದ. "ಸಾ, ಮೊದ್ಲು ಟ್ರಾನ್ಸ್‌ಫರ್‌ಗೆ ಸೈನ್ ಹಾಕೋಕೇಳಿ ಅವ್ರಿಗೆ. ಆಮೇಲೆ ನಮ್ ಕಾರಿಗೆ ನಾವೇ ನಂಬರ್ ಕೊಡ್ತೀವಿ. ಯಾರ್ ಕಾಲೂ ಹಿಡಿಯೋದ್ ಬ್ಯಾಡ."

"ಅವ್ನ ಕಾರಂತೆ! ಯಾರಪ್ಪನ್ ದುಡ್ಡು ಅಂತ ಕೇಳಪ್ಪ."

"ಅಪ್ಪನ ಸುದ್ದಿ ಎತ್ತಬ್ಯಾಡಿ ಅಂತೇಳಿ ಸಾ."

ಸುದರ್ಶನ್ ಇಬ್ಬರ ಮಧ್ಯೆ ನಿಂತು ಆ ಮುಖ ಈ ಮುಖ ನೋಡಿದ. ಪಕ್ಕದ ಲಿಫ್ಟಿನ ಮೆಕ್ಯಾನಿಕ್ಕುಗಳು ಸ್ಪಾನರ್ ಹಿಡಿದ ಕೈ ಹಾಗೇ ನಿಲ್ಲಿಸಿ ಕಿವಿ ಇತ್ತ ಇಟ್ಟಿದ್ದರು.

"ಇದು ಹುಡುಗಾಟ ಅಲ್ಲಮ್ಮ," ಅಂದ ಸುದರ್ಶನ್. "ಹಿಂದಿನ ಎರಡೂ ಚಕ್ರ ನಿಂತಿರೋದು ಈ ಆಕ್ಸಲ್ ಮೇಲೆ. ಓಡ್ತಿರುವಾಗ ಇದು ಬಿರುಕು ಬಿಟ್ರೆ ಚಕ್ರ ವಾಲಿಬಿಡುತ್ತೆ. ಗಾಡಿ ಕೈಗೆ ಸಿಗಲ್ಲ."

"ಮುರೀತದೋ, ಮುರಿಯಾಕಿಲ್ವೋ? ಒಂದ್ ಯೋಳು."

"ಅದು ಗೊತ್ತಿಲ್ಲ. ಮುರೀಬಹುದು, ಮುರೀದೇನೂ ಇರಬಹುದು. ಹೊರಗಿಂದ ನೋಡಿದ್ರೆ ತಿಳಿಯಲ್ಲ. ಅದಕ್ಕೇ ಎಲ್ಲಾ ಗಾಡೀದೂ ಬದಲಾಯಿಸ್ತಿರೋದು."

ತಿಳಿಯುವುದಿಲ್ಲ ಅನ್ನುವ ಮಾತು ಶಿವಗಂಗಮ್ಮನಿಗೆ ಹಿಡಿಸಲಿಲ್ಲ. ಅಟ್ಟದಿಂದ ಇಳಿಸಿದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಕೂತಿದೆಯೋ ಕೊಳೆತಿದೆಯೋ ಎಂದು ಒಡೆಯದೆ ಹೇಳುವವಳು ಅವಳು. ಸುದರ್ಶನ್ ಬೇಡ ಬೇಡ ಅನ್ನುತ್ತಿದ್ದಂತೆ ಎತ್ತಿದ ಕಾರಿನ ಕೆಳಗೆ ಹೋಗಿ, ಮಣ್ಣು ಮೆತ್ತಿದ ಆಕ್ಸಲ್ಲಿಗೆ ಬೆರಳಿನ ಗೆಣ್ಣಿನಿಂದ ಎರಡೇಟು ಹಾಕಿ, ಕಿವಿಗೊಟ್ಟಳು.

"ಗಟ್ಟಿಯಾಗೈತೆ," ಎಂದು ತೀರ್ಪು ಕೊಟ್ಟು ಹೊರಬಂದಳು. ಈಗ ನೇರವಾಗಿ ಅಳಿಯನತ್ತ ತಿರುಗಿದಳು. "ಅಂಗೇ ಓಡಿಸ್ಕಂಡೋಗು. ಕಾರಲ್ಲಿ ಜಂಬ ಮಾಡ್ಕಂಡು ತಿರುಗೋನು ನೀನು. ನನ್ ಮಗ್ಳು ಪಾಪ ಇಸ್ಕೂಲಿಗೆ ಬಸ್ಸಲ್ ಜೋತಾಡ್ಕಂಡು ಓಯ್ತಾವ್ಳೆ. ಮುರುದ್ರೆ ಮುರೀಲಿ. ನಿನ್ ಅಣೇಬರ."

ಪರಮೇಶ್ ಗಾಜಿನ ಕೋಣೆಯತ್ತ ನೋಡಿದ. ಅಲ್ಲಿ ಬಾಗಿಲು ತೆರೆದು ಶಿವರಂಜನಿ ನಿಂತಿದ್ದಳು. ಕೊನೆಯ ಮಾತು ಅವಳಿಗೆ ಪೂರಾ ಕೇಳಿಸಿತ್ತು.

"ಚಕ್ರ ಹಾಕ್ಸಿಬಿಡಿ," ಎಂದಳು ಸುದರ್ಶನ್‌ಗೆ. "ನಾನು ಹೊರಡ್ತೀನಿ."

"ನೀನ್ಯಾಕವ್ವಾ ಒರಡೋದು? ಕಾರ್ ತಂದೋನು ತಕಂಡೋಗ್ಲಿ."

"ತಂದೋಳು ನಾನೇ. ಅವ್ರು ಬೈಕಲ್ಲಿ ಬಂದ್ರು, ನೋಡು, ಗೇಟಲ್ಲಿ ನಿಂತೈತೆ." ಶಿವರಂಜನಿಯ ದನಿ ಏರಲಿಲ್ಲ; ಅದೇ ಹೆಚ್ಚು ಚುಚ್ಚಿತು. "ನೀನ್ ಹಬ್ಬದ ದಿನ ಆ ಮಾತಾಡಿದ್ಯಲ್ಲ, ಅವತ್ತು ಮನೆ ಮುಟ್ಟಿ ಇಳಿದೋರು ಮತ್ತೆ ಅದನ್ನ ಹತ್ತಿಲ್ಲ. ಅರಕಲಗೂಡಿಂದ ಹೊಳೆನರಸೀಪುರಕ್ಕೆ ದಿನಾ ಅದನ್ನ ಓಡಿಸ್ಕೊಂಡು ಸ್ಕೂಲಿಗೆ ಹೋಗೋದು ನಾನು."

ಶಿವಗಂಗಮ್ಮ ಲಿಫ್ಟಿನ ಮೇಲಿದ್ದ ಕಾರನ್ನು ನೋಡಿದಳು. ಚಕ್ರವಿಲ್ಲದ ಅದರ ಹಿಂಭಾಗ ಕೆಳಗಿನಿಂದ ಬೆತ್ತಲೆಯಾಗಿ ಕಾಣುತ್ತಿತ್ತು. ಮುರಿದರೆ ಮುರಿಯಲಿ ಎಂದ ತನ್ನ ಮಾತು ತನಗೇ ಮತ್ತೊಮ್ಮೆ ಕೇಳಿಸಿತು. ಸೂಜಿಗೆ ದಾರ ಪೋಣಿಸಲೂ ಕೈ ನಡುಗುವ ಹುಡುಗಿ ಎಂದುಕೊಂಡಿದ್ದ ಮಗಳು ಆ ರಸ್ತೆಯಲ್ಲಿ, ಮರಳು ಲಾರಿಗಳ ನಡುವೆ, ದಿನಾ.

"ನಿಮ್ಗೂ ಸೇರಿಸೇ ಹೇಳ್ತಿದೀನಿ," ಎಂದು ಶಿವರಂಜನಿ ಗಂಡನತ್ತ ತಿರುಗಿದಳು. "ಅವ್ವಂಗೆ ಗೊತ್ತಿರ್ಲಿಲ್ಲ. ನಿಮಗೆ ಗೊತ್ತಿತ್ತಲ್ಲ ಸ್ಟೀರಿಂಗ್ ಹಿಡಿಯೋದ್ ಯಾರು ಅಂತ? ಸೈನು ಸೈನು ಅಂತ ಕೈಕಟ್ಕೊಂಡು ನಿಂತಿದ್ದೀರಿ."

ಪರಮೇಶ್ ಕಟ್ಟಿದ ಕೈ ಬಿಚ್ಚಿದ. ಬಿಚ್ಚಿದ ಕೈಯನ್ನು ಎಲ್ಲಿಡಬೇಕೋ ತಿಳಿಯದೆ ಜೇಬಿಗೆ ತುರುಕಿದ.

ಶಿವಗಂಗಮ್ಮ ಕೈಚೀಲದ ಜಿಪ್ಪು ಎಳೆದಳು. ಬಟ್ಟೆ ಸಿಕ್ಕಿಕೊಂಡು ಅದು ಅರ್ಧಕ್ಕೇ ನಿಂತಿತು. ಬೈದುಕೊಂಡು, ಜಗ್ಗಿ, ಹರಿದೇ ತೆಗೆದಳು. "ಬರ್ಕಳಪ್ಪ, ಬರ್ಕ," ಎಂದು ಓದತೊಡಗಿದರೆ ಸುದರ್ಶನ್ ತಲೆಯಾಡಿಸಿದ. ಆ ನಂಬರಿನ ಟೈಮು ಮುಗಿದಿತ್ತು. ಇನ್ನೊಂದು ಕಳಿಸಿದ. ಅದು ಬರುವವರೆಗೂ ಅವಳು ಮೊಬೈಲಿನಿಂದ ಕಣ್ಣು ಕೀಳಲಿಲ್ಲ. ಬಂದದ್ದನ್ನು ತೆಂಗಿನಕಾಯಿ ಎಣಿಸುವ ದನಿಯಲ್ಲಿ ಶೆಡ್ಡಿಗೆಲ್ಲ ಕೇಳುವಂತೆ ಓದಿದಳು. ಮಧ್ಯದಲ್ಲಿ ತಪ್ಪಿ ಮತ್ತೆ ಮೊದಲಿಂದ ಓದಿದಳು.

ಕೆಲಸ ಮಧ್ಯಾಹ್ನದವರೆಗೆ ನಡೆಯಿತು. ಮೂವರೂ ಮೂರು ಕಡೆ ಕೂತರು. ಹಳೆಯ ಆಕ್ಸಲ್ಲನ್ನು ಇಳಿಸಿ ನೆಲಕ್ಕೆ ಹಾಕಿದಾಗ ಶಿವಗಂಗಮ್ಮ ಹೋಗಿ ಬಗ್ಗಿ ನೋಡಿದಳು. ಒಂದು ಗೀರೂ ಕಾಣಲಿಲ್ಲ. ಮತ್ತೆ ಬಡಿದು ನೋಡುವ ಧೈರ್ಯ ಅವಳಿಗೆ ಬರಲಿಲ್ಲ.

ಅಳಿಯನ ಹತ್ತಿರ ಹೋಗಿ, ಎರಡು ವರ್ಷದಲ್ಲಿ ಮೊದಲ ಸಲ ಮೆತ್ತಗೆ, "ತತ್ತಾರಪ್ಪ, ಎಲ್ಲಿ ಸೈನ್ ಮಾಡ್ಬೇಕು?" ಅಂದಳು.

"ಈಗ ಬ್ಯಾಡ ಬುಡಿ," ಅಂದ ಪರಮೇಶ್. "ನಿಮ್ಮೆಸ್ರಲ್ಲೇ ಇರ್ಲಿ." ಹೆಲ್ಮೆಟ್ ಎತ್ತಿಕೊಂಡು ಗೇಟಿನತ್ತ ಹೊರಟೇಹೋದ.

ಕಾರು ಕೆಳಗಿಳಿದಿತ್ತು. ಶಿವಗಂಗಮ್ಮ ಬೆಂಚಿನ ಮೇಲಿದ್ದ ಗಂಟನ್ನು ತಂದು, ಬಟ್ಟೆ ಬಿಚ್ಚಿ, ಮೊರವನ್ನು ಹಿಂದಿನ ಸೀಟಿನ ಮೇಲಿಟ್ಟಳು. ಬ್ರೇಕ್ ಹಾಕಿದರೆ ಜಾರದಂತೆ ಒತ್ತಿ ನೋಡಿದಳು.

"ನಾಡಿದ್ದು ಬಂದ್ಬುಡವ್ವ. ಅವ್ನು ಬುಡ್ದಿದ್ರೆ ಯೋಳು, ನಾನ್ ಕೇಳ್ತೀನಿ."

"ಅವ್ರು ಯಾವತ್ತೂ ಬೇಡ ಅಂದಿಲ್ಲ. ಹೋದ ವರ್ಷ ಹೋಗ್ಬಾ ಅಂತ ಅವ್ರೇ ಹೇಳಿದ್ರು," ಅಂದಳು ಶಿವರಂಜನಿ. "ಬರ್ದೇ ಇದ್ದೋಳು ನಾನು."

"ನೀನಾ? ಯಾಕೆ? ನಾನೇನ್ ಮಾಡಿದ್ನೇ ನಿಂಗೆ?"

"ಹೆಚ್ಚುಕಮ್ಮಿ ಆದ್ರೆ ಕಾರು ವಾಪಸ್ ಬರುತ್ತೆ ಅಂದೆ. ನಾನು ವಾಪಸ್ ಬರೋದನ್ನ ನೀನು ಮದ್ವೆ ದಿನಾನೇ ಎಣಿಸಿಟ್ಕೊಂಡಿದ್ದೆ. ಅಷ್ಟೂ ಜನರ ಮುಂದೆ ಅದನ್ನ ಒಬ್ಬಟ್ಟಿನ ಜೊತೆ ಬಡಿಸ್ದೆ. ಆ ಮನೇಲಿ ಕೂತು ಹೆಂಗವ್ವಾ ಊಟ ಮಾಡ್ಲಿ?"

"ನಿನ್ ಒಳ್ಳೇದಕ್ಕೇ ಕಣೇ..." ಎಂದು ಶಿವಗಂಗಮ್ಮ ಕಾರಿನ ಹಿಂದಿನ ಬಾಗಿಲು ಮುಚ್ಚಿದಳು.

ಶಿವರಂಜನಿ ಹಿಂದಿನ ಬಾಗಿಲು ತೆರೆದಳು. ಬಾಗಿನವನ್ನು ಮುಟ್ಟುವಾಗ ಹೆಂಗಸರು ಹೇಗೆ ಮುಟ್ಟಬೇಕೋ ಹಾಗೆಯೇ, ಸೆರಗನ್ನು ಮೊರದ ಮೇಲೆ ಮುಚ್ಚಿ, ಎರಡೂ ಕೈಯಲ್ಲಿ ಎತ್ತಿದಳು. ಹಾಗೇ ತಂದು ತಾಯಿಯ ಕೈಯಲ್ಲಿಟ್ಟಳು. ಬಳೆಗಳು ಒಳಗೆ ಸಣ್ಣಗೆ ಸದ್ದು ಮಾಡಿದವು. ಶಿವಗಂಗಮ್ಮ ಬೇಡವೆನ್ನಲೂ ಆಗದೆ ಹಿಡಿದುಕೊಂಡಳು. ಅದನ್ನು ಕೆಳಗೆ ಬೀಳಿಸುವಂತಿರಲಿಲ್ಲ.

ಮಗಳು ಸೀಟು ಮುಂದಕ್ಕೆಳೆದು, ಬೆಲ್ಟ್ ಹಾಕಿಕೊಂಡು, ಕನ್ನಡಿ ಸರಿಮಾಡಿಕೊಂಡಳು. ಕಾರು ಶೆಡ್ಡಿನಿಂದ ಹೊರಬಿದ್ದು ಗೇಟಿನ ಹತ್ತಿರ ನಿಂತಿತು. ಹಿಂದಿನ ಕೆಂಪು ದೀಪ ಹತ್ತಿದ್ದನ್ನು ನೋಡಿ ಶಿವಗಂಗಮ್ಮ ಮೊರ ಹಿಡಿದುಕೊಂಡೇ ಬಿರಬಿರನೆ ನಡೆದಳು. ರಸ್ತೆಯಲ್ಲಿ ಒಂದು ಬಸ್ಸು ದಾಟಿತು. ದೀಪ ಆರಿತು. ಕಾರು ಮೆಲ್ಲಗೆ ರಸ್ತೆಗಿಳಿದು ಹೊರಳಿತು.

ಅವಳು ಗೇಟಿನಲ್ಲಿ ನಿಂತು ಹಿಂದಿನ ಚಕ್ರಗಳನ್ನೇ ನೋಡುತ್ತಿದ್ದಳು. ಎರಡೂ ನೆಟ್ಟಗೆ ತಿರುಗುತ್ತಿದ್ದವು.