ಗೇಟಿನ ದೀಪ, ಹೂ ಬಿಡದ ಸಾಲ್ವಿಯಾ

ಅಕ್ಟೋಬರ್ ಮುಗಿಯುತ್ತಾ ಬಂತು, ಗೇಟಿನ ಪಕ್ಕದ ಸಾಲ್ವಿಯಾ ಬೇಲಿಯಲ್ಲಿ ಒಂದು ಮೊಗ್ಗೂ ಇಲ್ಲ. ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಸತ್ತವರ ಹಬ್ಬ ಬಂದೇಬಿಟ್ಟಿತು. ಅಪ್ಪ ತಾನೇ ಕಡ್ಡಿ ನೆಟ್ಟು ಬೆಳೆಸಿದ ಬೇಲಿ ಅದು. ಅವನು ಹೋದ ಮೇಲೆ ಪ್ರತಿ ವರ್ಷ ಅವನ ಪಟದ ಮುಂದೆ ಚೆಂಡುಹೂವಿನ ಜೊತೆ ಆ ನೇರಳೆ ಗೊಂಚಲು ಇಡುತ್ತೇವೆ.

ಈ ಸಲ ಇನ್ನೊಂದು ಪಟವೂ ಇತ್ತು. ನನ್ನ ತಮ್ಮ ನಬೋರ್ ಜನವರಿಯಲ್ಲಿ ಬೆಣ್ಣೆಹಣ್ಣಿನ ಲಾರಿ ಹತ್ತಿ ಹೋದವನು ತಿರುಗಿ ಬರಲಿಲ್ಲ. ಫೋನಿಲ್ಲ, ಸುದ್ದಿಯಿಲ್ಲ, ಹೆಣವೂ ಸಿಗಲಿಲ್ಲ. ಅವತ್ತಿನಿಂದ ಅಮ್ಮ ಗೇಟಿನ ದೀಪ ಸಂಜೆ ಹಾಕಿದರೆ ಬೆಳಗಾಗುವವರೆಗೆ ಆರಿಸುವುದಿಲ್ಲ. ನಾನು ಅವನ ಪಟಕ್ಕೆ ಕಟ್ಟು ಹಾಕಿಸಿ ತಂದು ಬೀರುವಿನಲ್ಲಿ ಬಚ್ಚಿಟ್ಟಿದ್ದೆ. ಹಬ್ಬದ ಪೀಠದ ಮೇಲೆ ಸತ್ತವರ ಪಟ ಮಾತ್ರ ಇಡುತ್ತಾರೆ. ಅದನ್ನು ಅಮ್ಮನಿಗೆ ಹೇಳಲು ನನಗೆ ಬಾಯಿ ಬಂದಿರಲಿಲ್ಲ.

ಎದುರುಮನೆ ತೋಮಾಸಕ್ಕನ ಸಾಲ್ವಿಯಾ ಗೋಡೆ ದಾಟಿ ಬಾಗಿ ಹೂ ಬಿಟ್ಟಿತ್ತು. "ಏನೇ ಚೋನಾ, ನಿಮ್ಮಪ್ಪನಿಗೆ ಈ ಸಲ ಬರೀ ಸೊಪ್ಪಾ?" ಅಂದಳು. ಮೈಯೆಲ್ಲಾ ಉರಿದುಹೋಯಿತು. ಗೊಬ್ಬರ ನಿಲ್ಲಿಸಿದ್ದೆ, ನೀರು ಕಡಿಮೆ ಮಾಡಿದ್ದೆ, ಇನ್ನೇನು ಮಾಡಲಿ ನಾನು?

ಕತ್ತರಿ ಹುಡುಕುತ್ತಾ ನೀರಿನ ಟ್ಯಾಂಕಿನ ಹಿಂದೆ ಹೋದೆ. ಬೇಲಿಯ ಕೊನೆ ಅಲ್ಲಿದೆ. ಅಲ್ಲಿ ನಾಲ್ಕಾರು ಕಡ್ಡಿಗಳ ತುಂಬಾ ನೇರಳೆ ಹೂವು. ಟ್ಯಾಂಕಿನ ಮರೆ ಇರುವುದರಿಂದ ಅಷ್ಟು ಜಾಗಕ್ಕೆ ಮಾತ್ರ ಗೇಟಿನ ಬೆಳಕು ಬೀಳುವುದಿಲ್ಲ. ಥೂ, ಇಷ್ಟು ದಿನ ನನ್ನ ತಲೆಗೆ ಹೊಳೆದಿರಲಿಲ್ಲ.

ಅಮ್ಮ ಒಲೆಯ ಮುಂದೆ ಬೆಲ್ಲದಲ್ಲಿ ಕುಂಬಳಕಾಯಿ ಬೇಯಿಸುತ್ತಿದ್ದಳು.

"ಅಮ್ಮಾ, ಆ ದೀಪದ್ದೇ ಕಾಟ. ಹಗಲು ಕಿರಿದಾಗಿ ಕತ್ತಲೆ ಉದ್ದ ಆದ್ರೇನೇ ಈ ಗಿಡ ಹೂ ಬಿಡೋದು. ನೀನು ರಾತ್ರಿಯೆಲ್ಲಾ ಉರಿಸ್ತೀಯ, ಅದು ಇನ್ನೂ ಬೇಸಿಗೆ ಅಂದ್ಕೊಂಡಿದೆ."

ಅವಳು ಸೌಟು ನಿಲ್ಲಿಸಲಿಲ್ಲ. "ಗೊತ್ತು."

"ಗೊತ್ತಾ?"

"ನರ್ಸರೀಲಿ ಕ್ರಿಸ್‌ಮಸ್ ಗಿಡದ ಎಲೆ ಕೆಂಪಾಗ್ಲಿ ಅಂತ ದಿನಾ ಸಂಜೆ ಕಪ್ಪು ಬಟ್ಟೆ ಹೊದಿಸ್ತಿದ್ದೋಳು ಕಣೇ ನಾನು. ನನಗೇ ಹೇಳಿಕೊಡೋಕೆ ಬಂದ್ಯಾ?"

ನನಗೆ ಸಿಟ್ಟು ನೆತ್ತಿಗೇರಿತು. "ಹಾಗಿದ್ರೆ ಈ ಬೇಲಿಗೂ ಹೊದಿಸಬಹುದಿತ್ತಲ್ಲ. ದೀಪಾನೂ ಇರೋದು, ಹೂವೂ ಬರೋದು. ನಾನು ಮೈ ಪರಚಿಕೊಳ್ಳೋದನ್ನ ನೋಡ್ತಾ ಕೂತಿದ್ಯಾ?"

"ಗೇಟಿಗೆ ಕಪ್ಪು ಬಟ್ಟೆ ಹಾಕಬೇಕಿತ್ತಾ?" ಅಮ್ಮ ಈಗ ನನ್ನ ಕಡೆ ತಿರುಗಿದಳು. "ನಿಮ್ಮಪ್ಪ ಹೋದಾಗ ಹಾಕಿದ್ವಲ್ಲ, ನೆನಪಿಲ್ವಾ? ಹುಡುಗ ತಿರುವಿನಲ್ಲಿ ಇಳಿದು ನಡ್ಕೊಂಡು ಬರ್ತಾ ಅದನ್ನ ಕಂಡ್ರೆ, ಅಮ್ಮನೂ ಹೋದಳು ಅಂತ ಎದೆ ಒಡ್ಕೊಳ್ಳಲ್ವಾ ಅವನು?"

ಹಬ್ಬದ ದಿನ ಟ್ಯಾಂಕಿನ ಹಿಂದಿನ ಹೂವನ್ನಷ್ಟೇ ಕೊಯ್ದು ಅಪ್ಪನ ಮುಂದೆ ಇಟ್ಟೆ. ಬೀರುವಿನ ಪಟ ತೆಗೆದು ನಬೋರನ ಮಂಚದ ತಲೆಭಾಗದ ಗೋಡೆಗೆ ಮೊಳೆ ಹೊಡೆದು ಹಾಕಿದೆ. ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು.

ಸಂಜೆ ಅವಳು ಕೈ ಒರೆಸಿಕೊಂಡು ಏಳುವ ಮೊದಲೇ ನಾನು ಹೋಗಿ ಗೇಟಿನ ದೀಪ ಹಾಕಿದೆ.